ಗಣಿಯ ಸಿನಿಮಾದಲ್ಲಿ ಕಾಣದ ಮನೆ

ಯಶವಂತಪುರದ ನಮ್ಮ ವಠಾರದಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಅಲ್ಲೇ ಚಾಪೆಯ ಮೇಲೆ ಒತ್ತಾಗಿ ಕೂತು 'ಕಾಲಾ ಪತ್ಥರ್' ನೋಡಿದ್ದು. ಕಲ್ಲಿದ್ದಲ ಗಣಿಗೆ ನೀರು ನುಗ್ಗಿದಾಗ ನಮಗೆಲ್ಲ ಅಮಿತಾಭ್ ಬಚ್ಚನ್ನನದೇ ಚಿಂತೆ. ಕೆ.ಜಿ.ಎಫ್.ನಿಂದ ಮದುವೆಯಾಗಿ ಬಂದಿದ್ದ ಪಕ್ಕದ ಮನೆಯ ಅಕ್ಕ ಮಾತ್ರ ಎದ್ದು ಹೊರಗೆ ಹೋದರು. "ಯಾಕಕ್ಕ?" ಎಂದೆ. "ನಂಗೆ ಇದೆಲ್ಲ ನೋಡೋಕಾಗಲ್ಲಮ್ಮ. ಗಣೀಲಿ ಏನಾದ್ರೂ ಆಯ್ತು ಅಂದ್ರೆ ಅಮ್ಮ ಒಲೆ ಮೇಲಿನ ಪಾತ್ರೆ ಹಾಗೇ ಬಿಟ್ಟು ಓಡ್ತಿದ್ಲು" ಎಂದರು.

1979ರ ಆ ಚಿತ್ರಕ್ಕೆ ಪ್ರೇರಣೆ ಧನಬಾದ್ ಹತ್ತಿರದ ಚಾಸ್‌ನಾಲಾ ದುರಂತ. 1975ರ ಡಿಸೆಂಬರ್ 27ರಂದು ಗಣಿಗೆ ನೀರು ನುಗ್ಗಿ, ಸರ್ಕಾರದ ಲೆಕ್ಕದಲ್ಲೇ 375 ಮಂದಿ ಸತ್ತರು. ಸಿನಿಮಾದಲ್ಲಿ ತಪ್ಪೆಲ್ಲ ದುರಾಸೆಯ ಮಾಲೀಕನೊಬ್ಬನದು. ನಿಜದ ಗಣಿಯ ಆಡಳಿತ ಆಗಲೇ ಸರ್ಕಾರದ ಕೈಗೆ ಬಂದಿತ್ತು. ಖಳನಾಯಕನೊಬ್ಬ ಸಿಕ್ಕಿಬಿಟ್ಟರೆ ನೋಡುವವರಿಗೂ ಸುಲಭ, ಅಲ್ಲವೇ?

ನಮ್ಮ ಕೋಲಾರದ್ದು ಕಲ್ಲಿದ್ದಲಲ್ಲ, ಚಿನ್ನ. ಆದರೆ ಕೆಳಗಿಳಿದವರ ಪಾಡು ಬೇರೆಯಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. 1930ರಲ್ಲಿ ಕಂಪನಿ ಬೆರಳಚ್ಚು ಕೊಡಿ ಎಂದಾಗ ಕೂಲಿಗಳು ಕೆಲಸ ನಿಲ್ಲಿಸಿದರು. ಕಳ್ಳರ ಹಾಗೆ ಬೆರಳೊತ್ತಲು ಅವರು ಸಿದ್ಧರಿರಲಿಲ್ಲ. 1946ರಲ್ಲಿ ಮತ್ತೆ ದೊಡ್ಡ ಹೋರಾಟ. ಆ ನವೆಂಬರ್ 4ರಂದು ಪೊಲೀಸರ ಕೈಯಲ್ಲಿ ಆರು ಕಾರ್ಮಿಕರು ಸತ್ತರು. ಅದೇ ಊರಿನ ಹೆಸರು ಹೊತ್ತು 2018ರಲ್ಲಿ ಬಂದ ಚಿತ್ರದಲ್ಲಿ ಸಂಘವಿಲ್ಲ, ಮುಷ್ಕರವಿಲ್ಲ. ಗುಲಾಮರಿದ್ದಾರೆ, ಅವರನ್ನು ಬಿಡಿಸಲು ಹೊರಗಿನಿಂದ ಒಬ್ಬ ಬರುತ್ತಾನೆ. ಯಶ್ ಅಭಿನಯಕ್ಕೆ ನಾನೂ ಚಪ್ಪಾಳೆ ತಟ್ಟಿದವಳೇ. ಆದರೂ ಬೆರಳೊತ್ತದೆ ನಿಂತವರ ನೆನಪಾಗಿ ಒಳಗೊಳಗೇ ಸಂಕಟವಾಯಿತು.

ಮಗಳು ತೋರಿಸಿದ ಇನ್ನೊಂದು ಚಿತ್ರ 'ಸಾಲ್ಟ್ ಆಫ್ ದಿ ಅರ್ತ್', 1954ರದು. ಅಮೆರಿಕದ ನ್ಯೂ ಮೆಕ್ಸಿಕೋದ ಸತುವಿನ ಗಣಿಯಲ್ಲಿ 1950ರಿಂದ 52ರವರೆಗೆ ನಡೆದ ಮುಷ್ಕರದ ಕಥೆ. ಗಣಿಯ ಮುಂದೆ ಕಾರ್ಮಿಕರು ನಿಲ್ಲಬಾರದೆಂದು ಕೋರ್ಟು ಹೇಳಿತು. ಹೆಂಡತಿಯರು ನಿಲ್ಲಬಾರದೆಂದು ಹೇಳಿರಲಿಲ್ಲ! ಅವರು ನಿಂತರು, ಮಕ್ಕಳನ್ನು ಕಟ್ಟಿಕೊಂಡು ಜೈಲಿಗೂ ಹೋದರು. ಮನೆಯಲ್ಲಿ ಗಂಡಂದಿರು ಸೌದೆ ಒಡೆದು, ಬಟ್ಟೆ ಒಗೆದು ಸುಸ್ತಾದಾಗಲೇ ಮನೆಗೆ ನಲ್ಲಿನೀರು ಬೇಕೆಂದು ಹೆಂಗಸರು ಕೇಳುತ್ತಿದ್ದುದು ಅವರ ಕಿವಿಗೆ ಬಿದ್ದದ್ದು. ಆ ಮುಷ್ಕರದಲ್ಲಿದ್ದ ಹಲವರೇ ಅದರಲ್ಲಿ ನಟಿಸಿದ್ದಾರೆ. ನಾಯಕಿಯಾಗಿದ್ದ ರೊಸೌರಾ ರೆವುಯೆಲ್ತಾಸ್‌ರನ್ನು ಚಿತ್ರೀಕರಣದ ನಡುವೆಯೇ ಬಂಧಿಸಿದರು. ಆಕೆ ಮೆಕ್ಸಿಕೋಗೆ ಮರಳಬೇಕಾಯಿತು.

ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿತು. ಅಕ್ಕ ಈಗ ಯಲಹಂಕದಲ್ಲಿ ಮಗನ ಮನೆಯಲ್ಲಿದ್ದಾರೆ. ಕೆ.ಜಿ.ಎಫ್. ಸಿನಿಮಾ ನೋಡಿದಿರಾ ಎಂದು ಕೇಳಿದೆ.

"ನೋಡ್ದೆ. ನಮ್ಮ ಸಯನೈಡ್ ದಿಬ್ಬ ಚೆನ್ನಾಗಿ ತೋರ್ಸಿದಾರೆ. ನಮ್ಮ ಲೈನ್ ಮನೆಗಳೇ ಇಲ್ವಲ್ಲಮ್ಮ" ಎಂದರು.