ಘಾಟಿನ ಹನ್ನೆರಡು ಸೆಕೆಂಡು

ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಚಾಕಣ, ರಾಜಗುರುನಗರ, ಮಂಚರ್, ನಾರಾಯಣಗಾಂವ್ ಒಂದರ ಹಿಂದೊಂದು ಸಿಗುತ್ತವೆ. ಖೇಡ್, ಆಂಬೇಗಾಂವ್, ಜುನ್ನರ್ ತಾಲ್ಲೂಕುಗಳ ಸೀಮೆ ಇದು. ಈ ಸೀಮೆಯ ಎಷ್ಟೋ ಹಳ್ಳಿಗಳ ಅಂಚಿನಲ್ಲಿ ಒಂದು ಏರು ಇದೆ. ಕೆಳಗೆ ಅಗಲವಾದ ಬಯಲು, ಅಲ್ಲಿಂದ ಮೇಲಕ್ಕೆ ಕೆಲವು ನೂರು ಅಡಿ ಸವರಿದ ಮಣ್ಣಿನ ದಾರಿ, ಎರಡೂ ಬದಿಗೆ ಜನ ನಿಲ್ಲಲು ದಿಬ್ಬ. ವರ್ಷದ ಬಹುಪಾಲು ದಿನ ಅಲ್ಲಿ ಏನೂ ನಡೆಯುವುದಿಲ್ಲ. ಊರವರು ಅದನ್ನು ಘಾಟ್ ಎನ್ನುತ್ತಾರೆ. ಘಟ್ಟವೂ ಅಲ್ಲ, ನದಿಯ ಸೋಪಾನವೂ ಅಲ್ಲ, ಎತ್ತಿನ ಗಾಡಿ ಓಡುವ ಹಾದಿ ಅದು.

ಊರ ದೇವರ ಜಾತ್ರೆ ಬಂದಾಗ ಇಲ್ಲಿ ಬೈಲಗಾಡಾ ಶರ್ಯತ್ ನಡೆಯುತ್ತದೆ. ಶರ್ಯತ್ ಎಂದರೆ ಪಂದ್ಯ. ಗಾಡಾ ಎಂಬ ಮಾತು ಕನ್ನಡದವರಿಗೂ ಹೊಸದಲ್ಲ, ಹಾವೇರಿ ಕಡೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ಇಂದಿಗೂ ಇದೆ. ಆದರೆ ಪುಣೆಯ ಉತ್ತರದ ಕ್ರಮ ಬೇರೆ. ಸಾತಾರಾ, ಸಾಂಗಲಿ ಕಡೆ ಸಮತಟ್ಟಾದ ಮೈದಾನದಲ್ಲಿ ಹಲವು ಗಾಡಿಗಳು ಅಕ್ಕಪಕ್ಕ ಓಡುತ್ತವೆ. ಘಾಟಿನಲ್ಲಿ ಓಡುವುದು ಒಂದು ಸಲಕ್ಕೆ ಒಂದೇ ಗಾಡಿ. ಅದಕ್ಕೆ ಎರಡು ಜೋಡಿ ಎತ್ತು, ಅವುಗಳ ಮುಂದೆ ಸವಾರನನ್ನು ಹೊತ್ತ ಒಂದು ಕುದುರೆ. ಎತ್ತುಗಳು ಆ ಕುದುರೆಯ ಹಿಂದೆ ಬೀಳುತ್ತವೆ. ಎದುರಾಳಿ ಯಾರೂ ಕಣ್ಣಿಗೆ ಕಾಣುವುದಿಲ್ಲ, ಓಟವೆಲ್ಲ ಗಡಿಯಾರದ ಜೊತೆಗೆ. ಹನ್ನೆರಡು, ಹದಿಮೂರು ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಆಮೇಲೆ ಧೂಳು, ಹಲಗೆಯ ಸದ್ದು, ಗಾಳಿಯಲ್ಲಿ ಅರಿಸಿನದ ಭಂಡಾರ. ಮೈಕಿನವನು ಸೆಕೆಂಡು ಕೂಗಿ ಹೇಳುತ್ತಾನೆ. ದಿನದ ಅತಿ ಕಡಿಮೆ ಸಮಯದ ಗಾಡಿಗೆ ‘ಘಾಟಾಚಾ ರಾಜಾ’, ಅಂದರೆ ಘಾಟಿನ ರಾಜ, ಎಂಬ ಪಟ್ಟ.

ಇಷ್ಟು ಚಿಕ್ಕ ಆಟವನ್ನು ಬಿಸಿಲಲ್ಲಿ ಇಡೀ ದಿನ ನಿಂತು ನೋಡುವವರಿಗೆ ಅಲ್ಲಿ ಶೌಕೀನರು ಎಂದು ಹೆಸರು. ಅವರ ಹುಚ್ಚಿಗೆ ‘ನಾದ’ ಎನ್ನುತ್ತಾರೆ. ಗೀಳು ಎಂದರೆ ಬೈದಂತಾಗುತ್ತದೆ, ಹವ್ಯಾಸ ಎಂದರೆ ಸಪ್ಪೆಯಾಗುತ್ತದೆ, ನಾದವೇ ಸರಿ. ಶೌಕೀನರ ನೆನಪಿನಲ್ಲಿ ಇಸವಿಗಿಂತ ಎತ್ತಿನ ಹೆಸರು ಗಟ್ಟಿ. ಸರ್ಜಾ, ಸೋನ್ಯಾ, ರಾಜಾ ಎಂಬ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುತ್ತವೆ. ಯಾವ ಊರಿನ ಸರ್ಜಾ, ಯಾರ ಮನೆಯ ಸರ್ಜಾ, ಬಲಗಡೆಯವನೋ ಎಡಗಡೆಯವನೋ ಎಂದು ಬಿಡಿಸಿ ಹೇಳಿದ ಮೇಲೆಯೇ ಕತೆ ಮುಂದುವರಿಯುವುದು. ಮಾಲೀಕನ ಹೆಸರು ಎತ್ತಿನ ಹೆಸರಿನ ಹಿಂದೆ ಬರುತ್ತದೆ. ಮನುಷ್ಯನಿಗೆ ಇಷ್ಟು ಕೆಳಗಿನ ಜಾಗ ಕೊಡುವ ಕ್ರೀಡೆಗಳು ಹೆಚ್ಚಿಲ್ಲ.

ಆ ಎತ್ತು ಬಹುತೇಕ ಖಿಲಾರಿ. ಬೂದು ಮಿಶ್ರಿತ ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೇಳುವ ಉದ್ದ ಕೋಡು, ಬಿಗಿಯಾದ ಕಾಲು. ಇದರ ತವರು ಸಾಂಗಲಿಯ ಆಟಪಾಡಿ, ಜತ್ತ, ಸೋಲಾಪುರದ ಸಾಂಗೋಲೆ, ಮಂಗಳವೇಢೆ. ಗಡಿಯ ಈಚೆಗೆ ವಿಜಯಪುರ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲೂ ಇದೇ ತಳಿ. ಮೈಸೂರು ಸೀಮೆಯ ಹಳ್ಳಿಕಾರ್ ಮೂಲದಿಂದ ಇದು ಬೆಳೆದು ಬಂದಿದೆ ಎಂಬುದು ಗೋತಳಿ ತಜ್ಞರ ಅಭಿಪ್ರಾಯ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದು ಹೆಸರಾದ ಅಮೃತಮಹಲ್ ಕೂಡ ಅದೇ ಬಳಗದ್ದು. ದೇವರ ವಿಚಾರವೂ ಹಾಗೆಯೇ. ಖೇಡ್ ತಾಲ್ಲೂಕಿನ ನಿಮಗಾಂವ್ ಖಂಡೋಬನ ಊರು, ಅಲ್ಲಿನ ಘಾಟ್ ಹೆಸರಾದದ್ದು. ಖಂಡೋಬ ಎಂದರೆ ದೇವರಗುಡ್ಡದ, ಮಂಗಸೂಳಿಯ ಮೈಲಾರಲಿಂಗನೇ. ಘಾಟಿನಲ್ಲಿ ಹಾರುವ ಹಳದಿ ಭಂಡಾರ ಉತ್ತರ ಕರ್ನಾಟಕದವರ ಅಂಗಿಗೂ ಗುರುತು.

ಇಲ್ಲಿ ಸ್ವಲ್ಪ ದೂರದ ಒಂದು ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಅಮೆರಿಕದಲ್ಲಿ ಸ್ಟಾಕ್ ಕಾರ್ ಓಟ ಎಂಬುದಿದೆ. ಅಂಗಡಿಯಲ್ಲಿ ಎಲ್ಲರಿಗೂ ಮಾರುವ ಕಾರನ್ನೇ ಓಡಿಸುವ ಪಂದ್ಯ ಎಂದು ಅದರ ಅರ್ಥ. ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ 1947ರಲ್ಲಿ ತೆರೆದ, ಅರ್ಧ ಮೈಲಿಗಿಂತ ತುಸು ಹೆಚ್ಚಿನ ಪುಟ್ಟ ಓಟದ ಹಾದಿಯಲ್ಲಿ ಈ ಪಂದ್ಯ ಇಂದಿಗೂ ನಡೆಯುತ್ತದೆ. ಗೆದ್ದವನಿಗೆ ಅಲ್ಲಿ ಕೊಡುವುದು ಆಳೆತ್ತರದ ಗಡಿಯಾರ. ಮೊದಮೊದಲು ನೋಡುವವರ ಖುಷಿ ಇದ್ದದ್ದು, ಓಡುತ್ತಿರುವುದು ತಮ್ಮ ಮನೆ ಮುಂದೆ ನಿಂತಿರುವಂಥದೇ ಕಾರು ಎಂಬುದರಲ್ಲಿ. ಕಾಲ ಕಳೆದಂತೆ ಕಾರು ಬದಲಾಯಿತು. ಹೆಸರು ಸ್ಟಾಕ್ ಕಾರ್ ಎಂದೇ ಉಳಿದರೂ ಈಗ ಓಡುವ ಬಂಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಪಂದ್ಯಕ್ಕೆಂದೇ ಕಟ್ಟಿದ್ದು. ಹಳೆಯ ಅಭಿಮಾನಿಗಳು ಮಾತ್ರ ಮನೆ ಮುಂದಿನ ಕಾರಿನ ನೆನಪನ್ನೇ ಹಿಡಿದುಕೊಂಡಿದ್ದಾರೆ.

ಘಾಟಿನ ಶೌಕೀನರ ನೆನಪಿನಲ್ಲೂ ಹೀಗೊಂದು ಮನೆಯ ಎತ್ತು ಇದೆ. ಸುಗ್ಗಿ ಮುಗಿದ ಮೇಲೆ, ಚೈತ್ರ ವೈಶಾಖದ ಜಾತ್ರೆಗೆ, ನಿನ್ನೆಯವರೆಗೆ ನೊಗ ಹೊತ್ತ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಘಾಟಿಗೆ ತಂದು ಓಡಿಸುತ್ತಿದ್ದರು ಎಂಬುದು ಆ ನೆನಪಿನ ತಿರುಳು. ಹೊಲದ ಎತ್ತೇ ಪಂದ್ಯದ ಎತ್ತು. ಗೆದ್ದರೆ ಊರಿಗೆ ಹೆಸರು, ಸೋತರೆ ಮರುದಿನ ಮತ್ತೆ ಗೊಬ್ಬರದ ಗಾಡಿ. ಈ ನೆನಪು ಸುಳ್ಳಲ್ಲ. ಆದರೆ ಅದು ಪೂರ್ತಿಯೂ ಅಲ್ಲ, ನ್ಯಾಯಾಲಯದಲ್ಲಿ ಸಿಕ್ಕಿಬಿದ್ದದ್ದು ಆ ಉಳಿದ ಭಾಗವೇ.

2011ರ ಜುಲೈ 11ರಂದು ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಪ್ರದರ್ಶನಕ್ಕಾಗಿ ಪಳಗಿಸಬಾರದ ಪ್ರಾಣಿಗಳ ಪಟ್ಟಿಯಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಜೊತೆಗೆ ‘ಬುಲ್’ ಕೂಡ ಸೇರಿತು. ಆಗಸ್ಟಿನಲ್ಲಿ ಮಹಾರಾಷ್ಟ್ರ ಸರ್ಕಾರ ಎತ್ತಿನ ಗಾಡಿಯ ಓಟಗಳನ್ನೆಲ್ಲ ನಿಷೇಧಿಸಿತು. ಬುಲ್ ಎಂದರೆ ಹೋರಿ ಮಾತ್ರವೋ, ಬೀಜ ಒಡೆದ ಎತ್ತೂ ಅದರಲ್ಲಿ ಬರುತ್ತದೋ ಎಂಬ ತಕರಾರು ಎದ್ದಿತು. ಹೋರಿ, ಗೂಳಿ, ಎತ್ತು ಎಂದು ಬೇರೆ ಬೇರೆ ಮಾತುಗಳಿರುವ ಭಾಷೆಯಲ್ಲಿ ಅಧಿಸೂಚನೆ ಬರೆದಿದ್ದರೆ ಈ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. 2012ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. 2014ರ ಮೇ 7ರಂದು ಜಲ್ಲಿಕಟ್ಟಿನ ಪ್ರಕರಣದ ಜೊತೆಗೇ ಸುಪ್ರೀಂ ಕೋರ್ಟ್ ಇದಕ್ಕೂ ಕೊನೆಯ ಮಾತು ಹೇಳಿತು: ಎತ್ತು ಹೋರಿಗಳು ಭಾರ ಎಳೆಯುವ ಪ್ರಾಣಿಗಳು, ಕುದುರೆಯಂತೆ ಓಟಕ್ಕೆ ಹೊಂದಿದ ಮೈಕಟ್ಟು ಅವುಗಳದ್ದಲ್ಲ. ಅವು ಓಡುವುದು ಹೆದರಿಕೆಯಿಂದ, ನೋವಿನಿಂದ.

ಬಾಲ ತಿರುಚುವುದು, ಮೊಳೆ ಹೊಡೆದ ಕೋಲಿನಿಂದ ಚುಚ್ಚುವುದು, ಬ್ಯಾಟರಿಯಿಂದ ಶಾಕ್ ಕೊಡುವುದು ಇಂಥ ಪಂದ್ಯಗಳ ಮೇಲೆ ಪ್ರಾಣಿದಯಾ ಸಂಘಟನೆಗಳು ಹೊರಿಸಿದ ಆರೋಪಗಳು. ಶೌಕೀನರು ಹೇಳುವ ಕತೆಗಳಲ್ಲಿ ಇವು ಬರುವುದೇ ಕಡಿಮೆ, ಬಂದರೂ ಬೇರೆ ಊರಿನವರು ಮಾಡಿದ್ದಾಗಿ ಬರುತ್ತವೆ. ಮೇಲಿನ ದಿಬ್ಬದಲ್ಲಿ ನಿಂತವನಿಗೆ ಕಾಣುವುದು ತನ್ನತ್ತ ಏರಿ ಬರುವ ನಾಲ್ಕು ಎತ್ತು. ಕೆಳಗೆ ಗಾಡಿ ಬಿಡುವ ಜಾಗದಲ್ಲಿ ಗುಂಪಿನ ನಡುವೆ ಏನಾಯಿತು ಎಂಬುದು ಅವನಿಗೆ ಕಂಡಿರಲಾರದು. ಕಂಡವರಿಗೆ ಅದು ಹೇಳುವಂಥ ಕತೆ ಎನಿಸಿರಲಾರದು. ಆರೋಪ ಹೊರಿಸಿದವರೆಲ್ಲ ಹಳ್ಳಿ ಕಾಣದ ಪಟ್ಟಣಿಗರು ಎಂಬ ಶೌಕೀನರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ನಿಷೇಧ ತೆಗೆಯಬೇಕೆಂದು ಹೋರಾಡಿದವರು ಕೋಲಿಲ್ಲದೆ ಓಡಿಸುತ್ತೇವೆ ಎಂದು ಮಾತು ಕೊಟ್ಟದ್ದರಲ್ಲೇ, ಹಿಂದೆ ಕೋಲು ಇತ್ತು ಎಂಬ ಒಪ್ಪಿಗೆಯೂ ಇತ್ತು.

ನಿಷೇಧದ ವರ್ಷಗಳ ಕಾನೂನಿನ ಏರಿಳಿತ ಉದ್ದನೆಯದು, ಚುಟುಕಾಗಿ ಹೇಳಿದರೆ ಸಾಕು. 2016ರ ಜನವರಿಯಲ್ಲಿ ಕೇಂದ್ರ ವಿನಾಯಿತಿ ಕೊಟ್ಟಿತು, ವಾರದೊಳಗೆ ಸುಪ್ರೀಂ ಕೋರ್ಟ್ ತಡೆಯಿತು. 2017ರಲ್ಲಿ ತಮಿಳುನಾಡಿನ ಹಾದಿಯಲ್ಲೇ ಮಹಾರಾಷ್ಟ್ರ ತನ್ನ ತಿದ್ದುಪಡಿ ಕಾಯ್ದೆ ತಂದಿತು, ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ ಕರ್ನಾಟಕವೂ ತಂದಿತು. ಮಹಾರಾಷ್ಟ್ರದ್ದಕ್ಕೆ ಹೈಕೋರ್ಟಿನ ತಡೆ ಬಿತ್ತು. ಕಂಬಳ, ಜಲ್ಲಿಕಟ್ಟು ಮತ್ತೆ ನಡೆಯುತ್ತಿರುವಾಗ ತಮ್ಮ ಘಾಟ್ ಮಾತ್ರ ಖಾಲಿ ಎಂಬ ಕೊರಗು ಪುಣೆಯ ಹಳ್ಳಿಗಳಲ್ಲಿ ಬೆಳೆಯಿತು. 2021ರ ಆಗಸ್ಟಿನಲ್ಲಿ ಖಿಲಾರಿಯ ತವರಾದ ಆಟಪಾಡಿ ತಾಲ್ಲೂಕಿನಲ್ಲಿ ಶಾಸಕ ಗೋಪೀಚಂದ್ ಪಡಳಕರ್ ನಿಷೇಧ ಮುರಿದು ಪಂದ್ಯ ನಡೆಸುವುದಾಗಿ ಸಾರಿದರು. ಪೊಲೀಸರು ಓಟದ ಹಾದಿಯನ್ನೇ ಅಗೆದುಹಾಕಿದರು. ಬೆಳಗಿನ ಜಾವ ಬೇರೊಂದು ಜಾಗದಲ್ಲಿ ಪಂದ್ಯ ನಡೆದೇಹೋಯಿತು.

ಕೋರ್ಟಿನ ಕಾಗದಗಳು ಆಚೀಚೆ ಹೋಗುತ್ತಿದ್ದ ಈ ಹತ್ತು ವರ್ಷ, ಘಾಟಿನ ಸುತ್ತಲ ನೆಲವೂ ಸುಮ್ಮನಿರಲಿಲ್ಲ. ಚಾಕಣ ಹಿಂದಿನಿಂದ ದನದ ಸಂತೆಗೆ ಹೆಸರಾದ ಊರು. ಅದೇ ಚಾಕಣದಲ್ಲಿ 2009ರ ಹೊತ್ತಿಗೆ ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಕಾರ್ಖಾನೆಗಳು ಬಾಗಿಲು ತೆರೆದಿದ್ದವು. ಬಜಾಜ್ ಆಗಲೇ ಇತ್ತು, ಮಹೀಂದ್ರಾ ಜೊತೆಗೂಡಿತು. ಚಾಕಣದಲ್ಲಿ ಆಗ ತಯಾರಾಗುತ್ತಿದ್ದ ಪೋಲೋ ಕಾರಿನ ಹೆಸರಿನಲ್ಲಿ 2010ರಿಂದ ಒಂದು ಓಟದ ಸರಣಿಯೂ ನಡೆಯಿತು, ನಮ್ಮ ದೇಶಕ್ಕೆ ಸ್ಟಾಕ್ ಕಾರ್ ಓಟದ ಹತ್ತಿರದ ನೆಂಟ ಎನ್ನಬಹುದಾದದ್ದು. ಅದನ್ನು ನೋಡಲು ಚೆನ್ನೈ, ಕೊಯಮತ್ತೂರಿನಂಥ ಕಡೆ ಹೋಗಬೇಕಿತ್ತು. ಕಾರು ಮಾಡುವ ಊರಿನವರಿಗೆ ಹತ್ತಿರವಿದ್ದದ್ದು ಎತ್ತಿನ ಓಟ, ಅದೂ ನಿಂತಿತ್ತು. ಕಾರ್ಖಾನೆಗೆ, ಬಡಾವಣೆಗೆ ಹೊಲ ಮಾರಿದವರ ಕೈಗೆ ಹಿಂದೆಂದೂ ಕಾಣದಷ್ಟು ದುಡ್ಡು ಬಂತು. ಹೊಲದಲ್ಲಿ ಉಳಿದದ್ದು ಟ್ರ್ಯಾಕ್ಟರ್. ಉಳುವ ಎತ್ತು ಮನೆಮನೆಯಿಂದ ಕಡಿಮೆಯಾಯಿತು.

2021ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟ್ ಷರತ್ತಿನ ಮೇಲೆ ಮಹಾರಾಷ್ಟ್ರದ ಪಂದ್ಯಗಳಿಗೆ ಅನುಮತಿ ಕೊಟ್ಟಿತು. ಜಿಲ್ಲಾಧಿಕಾರಿಯ ಅಪ್ಪಣೆ ಬೇಕು, ಪಶುವೈದ್ಯರು ಎತ್ತನ್ನು ನೋಡಬೇಕು, ಕೋಲು, ಚಾಟಿ, ಶಾಕ್ ಕೂಡದು, ಹಾದಿ 1000 ಮೀಟರ್ ಮೀರಬಾರದು, ಪಂದ್ಯದ ವೀಡಿಯೊ ಕೊಡಬೇಕು. ಕೊರೊನಾದ ಕಾರಣ ಇನ್ನಷ್ಟು ದಿನ ತಡವಾಯಿತು. ಫೆಬ್ರವರಿಯಲ್ಲಿ ನಿಮಗಾಂವ್ ಘಾಟಿನಲ್ಲಿ ಶಿರೂರಿನ ಸಂಸದ, ಕಿರುತೆರೆಯಲ್ಲಿ ಶಿವಾಜಿಯ ಪಾತ್ರ ಮಾಡಿದ ನಟ ಅಮೋಲ್ ಕೋಲ್ಹೆ ಚುನಾವಣೆಯಲ್ಲಿ ಕೊಟ್ಟ ಮಾತಿನಂತೆ ಗಾಡಿಯ ಮುಂದೆ ಕುದುರೆ ಓಡಿಸಿದರು. ಆ ದೃಶ್ಯದಲ್ಲಿ ರಾಜಕೀಯ ಎಷ್ಟಿತ್ತೋ ಅಷ್ಟು ಇರಲಿ, ದಿಬ್ಬದ ಮೇಲೆ ಅತ್ತವರೂ ಇದ್ದಿರಬೇಕು. ಹತ್ತು ವರ್ಷ ಎಂದರೆ ಎತ್ತಿನ ಓಟದ ಆಯಸ್ಸಿಗಿಂತ ಹೆಚ್ಚು. 2011ರಲ್ಲಿ ಹರೆಯದಲ್ಲಿದ್ದ ಒಂದು ಎತ್ತೂ ಮರಳಿ ಘಾಟ್ ಏರುವಂತಿರಲಿಲ್ಲ. ಮರಳಿ ಬಂದದ್ದು ಹೆಸರುಗಳು ಮಾತ್ರ.

ಅದೇ ಮೇ ತಿಂಗಳಲ್ಲಿ ಪಿಂಪ್ರಿ ಚಿಂಚವಾಡದ ಚಿಖಲಿಯಲ್ಲಿ ಶಾಸಕ ಮಹೇಶ್ ಲಾಂಡ್ಗೆ ನಡೆಸಿದ ಪಂದ್ಯದ ಮೊದಲ ಬಹುಮಾನ ಒಂದು ಜೆಸಿಬಿ. ಅದರ ಕೆಳಗೆ ಬೊಲೆರೊ, ಟ್ರ್ಯಾಕ್ಟರ್, ಬೈಕುಗಳ ಸಾಲು. ಎತ್ತು ಗೆದ್ದು ತರಬೇಕಾದದ್ದು ತನ್ನ ಕೆಲಸ ಕಸಿದ ಯಂತ್ರವನ್ನು. ಓಡುವ ಎತ್ತೂ ಈಗ ಬೇರೆಯದೇ. ಅದು ಹೊಲಕ್ಕಿಳಿಯುವುದಿಲ್ಲ. ಹಾಲು, ಮೊಟ್ಟೆ, ಉದ್ದಿನ ಹಿಟ್ಟು ತಿಂದು ಈಜಿ, ನಡೆದು ತಯಾರಾಗುತ್ತದೆ, ಲಕ್ಷಗಳಲ್ಲಿ ಕೈ ಬದಲಾಗುತ್ತದೆ. ಮುಳಶಿ ತಾಲ್ಲೂಕಿನ ಬಕಾಸುರನಂಥ ಎತ್ತಿಗೆ ಸಿನಿಮಾ ನಟನಷ್ಟು ಅಭಿಮಾನಿಗಳು. ಎತ್ತು ಓಟದ ಪ್ರಾಣಿಯಲ್ಲ, ಹೊಲದ ಪ್ರಾಣಿ ಎಂದು ಕೋರ್ಟ್ 2014ರಲ್ಲಿ ಹೇಳಿದ್ದು ಎತ್ತಿನ ಮೈಕಟ್ಟಿನ ಬಗ್ಗೆ. ಎತ್ತಿನ ಬದುಕಿನ ಮಟ್ಟಿಗೆ ಮಾತ್ರ ಆ ಮಾತು ಈಗ ತಿರುವುಮುರುವು: ಈ ಎತ್ತಿಗೆ ಹೊಲವೇ ಗೊತ್ತಿಲ್ಲ. ಓಟ ನಿಂತರೆ ಖಿಲಾರಿ ತಳಿಯೇ ಅಳಿಯುತ್ತದೆ ಎಂದು ಶೌಕೀನರು ಹೇಳುವುದರಲ್ಲಿ ಈ ಕಾರಣಕ್ಕೆ ಹುರುಳಿದೆ. ಅದೇ ಮಾತು ಅವರ ಇನ್ನೊಂದು ವಾದವನ್ನು, ಇದು ರೈತನ ಮನೆಯ ಹಬ್ಬ ಎಂಬುದನ್ನು, ಸಡಿಲ ಮಾಡುತ್ತದೆ. ಒಂದು ಜೋಡಿ ಎತ್ತನ್ನೂ ಸಾಕಲಾಗದ ಸಣ್ಣ ರೈತ ಈಗ ದಿಬ್ಬದ ಮೇಲೆ ನಿಂತು ನೋಡುವವನು ಅಷ್ಟೇ.

2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ಕಾಯ್ದೆಗಳನ್ನು ಎತ್ತಿಹಿಡಿಯಿತು. ಇಂಥ ಆಟ ಒಂದು ನಾಡಿನ ಸಂಸ್ಕೃತಿಯ ಭಾಗ ಹೌದೋ ಅಲ್ಲವೋ ಎಂದು ಅಳೆಯುವುದು ನ್ಯಾಯಾಲಯದ ಕೆಲಸವಲ್ಲ, ಶಾಸನಸಭೆ ಹೌದೆಂದಿದ್ದರೆ ಅದನ್ನು ಕದಲಿಸುವುದಿಲ್ಲ ಎಂಬುದು ಪೀಠದ ನಿಲುವು. ಅಲ್ಲಿಗೆ ಶೌಕೀನರ ನೆನಪಿಗೆ ಕಾಯ್ದೆಯ ಬಲ ಬಂತು, ನೆನಪಿನ ಪರೀಕ್ಷೆ ನಡೆಯಲಿಲ್ಲ.

ಈಗ ಪಂದ್ಯಗಳು ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತವೆ. ಕಾನೂನು ಕೇಳುವ ವೀಡಿಯೊ ಬೇರೆ, ಅಭಿಮಾನಿಗಳು ಹಿಡಿಯುವ ಸಾವಿರಾರು ಮೊಬೈಲ್ ತುಣುಕುಗಳು ಬೇರೆ. ಯಾವ ಎತ್ತು ಯಾವ ಘಾಟಿನಲ್ಲಿ ಎಷ್ಟು ಸೆಕೆಂಡಿಗೆ ಏರಿತು ಎಂಬುದನ್ನು ಹಿಂದಕ್ಕೆ ಓಡಿಸಿ ನೋಡಬಹುದು, ಗಾಡಿ ಬಿಡುವ ಜಾಗದಲ್ಲಿ ಯಾರ ಕೈಯಲ್ಲಿ ಏನಿತ್ತು ಎಂಬುದನ್ನೂ. 2011ಕ್ಕೆ ಮುಂಚಿನ ಓಟಗಳಿಗೆ ಆ ಸೌಲಭ್ಯವಿಲ್ಲ. ಹಳೆಯ ಸರ್ಜಾ ದೊಡ್ಡವನೋ ಈಗಿನ ಬಕಾಸುರ ದೊಡ್ಡವನೋ ಎಂಬ ಜಗಳ ಎದ್ದಾಗ ಹುಡುಗರು ಫೋನು ತೆಗೆಯುತ್ತಾರೆ. ಹಿರಿಯರು ಸೆಕೆಂಡನ್ನು ಬಾಯಲ್ಲೇ ಹೇಳುತ್ತಾರೆ.