ಫ್ರೆಂಚ್ ಕಥೆ, ಭಾಗ 4: ಎಲ್ಲಿಂದ ಬಂತು ಈ ‘ತ್’?

ಫ್ರೆಂಚ್ ಕಲಿಯೋಕೆ ಹೊರಟವರಿಗೆ ಮೊದಲ ವಾರದಲ್ಲೇ ತಲೆ ಕೆಡುತ್ತೆ, ಬರೆದದ್ದನ್ನ ಹಾಗೇ ಓದೋ ಹಾಗಿಲ್ಲ ಅಂತ. ‘ಪ್ರೀತಿಸುತ್ತಾರೆ’ ಅನ್ನೋ ಕ್ರಿಯಾಪದಕ್ಕೆ ಬರೆಯುವಾಗ ಆರು ಅಕ್ಷರ, ಬಾಯಲ್ಲಿ ಬರೋದು ಬರೀ ‘ಎಮ್’. ಕೊನೆಯ ಎನ್, ಟಿ ಎಲ್ಲ ಮೌನ.

ಇವತ್ತಿನದು ಇದರ ಉಲ್ಟಾ ಕಥೆ. ಬಾಯಲ್ಲಿ ಇದ್ದೂ ಕಾಗದದ ಮೇಲೆ ಜಾಗ ಸಿಗದೆ ಕಾದಿದ್ದ ಒಂದು ವ್ಯಂಜನದ್ದು.

‘ಅವನು ಪ್ರೀತಿಸುತ್ತಾನೆ’ ಅನ್ನೋಕೆ ‘ಇಲ್ ಎಮ್’. ಆದರೆ ಕಿವಿಗೆ ಬೀಳೋದು ‘ಇ-ಲೆಮ್’. ಪದ ಎಲ್ಲಿ ಮುಗಿಯಿತು ಅನ್ನೋದು ಫ್ರೆಂಚ್ ನಾಲಿಗೆಗೆ ಬೇಕಿಲ್ಲ, ವ್ಯಂಜನ ಎದ್ದುಹೋಗಿ ಮುಂದಿನ ಸ್ವರದ ಜೊತೆ ಕೂರುತ್ತೆ. ಪ್ರಶ್ನೆ ಕೇಳುವಾಗ ಪದಗಳು ತಿರುಗುಮುರುಗು. ಆಗ ‘ಎಮ್-ತಿಲ್’ ಆಗುತ್ತೆ. ಈ ‘ತ್’ ಎಲ್ಲಿಂದ ಬಂತು?

ಲ್ಯಾಟಿನ್ನಿನ ‘ಅಮತ್’ ನೋಡಿದ ತಕ್ಷಣ ಉತ್ತರ ಸಿಕ್ಕಿತು ಅನಿಸುತ್ತೆ, ಅಲ್ವಾ? ಕೊನೆಯಲ್ಲೇ ‘ತ್’ ಇದೆ. ಆದರೆ ಆ ‘ತ್’ 12ನೇ ಶತಮಾನದ ಹೊತ್ತಿಗೇ ಬಾಯಿಂದ ಬಿದ್ದುಹೋಗಿತ್ತು. ಆಮೇಲೆ ಬಹಳ ಕಾಲ ಜನ ‘ಎಮಿಲ್’ ಅಂತಲೇ ಕೇಳುತ್ತಿದ್ದರು.

ಈಗಿನ ‘ತ್’ ಪಕ್ಕದ ಮನೆಯದ್ದು. ‘ಇದ್ದಾನಾ’ ಅನ್ನೋ ‘ಎ-ತಿಲ್’, ‘ಹೇಳ್ತಾನಾ’ ಅನ್ನೋ ‘ದಿ-ತಿಲ್’, ‘ಮಾಡ್ತಾನಾ’ ಅನ್ನೋ ‘ಫೆ-ತಿಲ್’, ಇವುಗಳಲ್ಲಿ ಅದು ನಿಜವಾಗಿಯೂ ಇತ್ತು. ದಿನಾ ಇವನ್ನೇ ಕೇಳಿ ಕೇಳಿ, ಪ್ರಶ್ನೆ ಅಂದರೆ ‘ತಿಲ್’ ಅಂತ ನಾಲಿಗೆ ತೀರ್ಮಾನಿಸಿಬಿಟ್ಟಿತು. ಎರಡು ಸ್ವರ ಡಿಕ್ಕಿ ಹೊಡೆಯೋದೂ ತಪ್ಪಿತು. ಶಾಲೆಯಲ್ಲಿ ಓದಿದ ಆಗಮ ಸಂಧಿ ನೆನಪಿದೆಯಾ? ಮನೆ + ಅನ್ನು = ಮನೆಯನ್ನು, ಗುರು + ಅನ್ನು = ಗುರುವನ್ನು. ಕೆಲಸ ಹೆಚ್ಚುಕಡಿಮೆ ಅದೇ. ನಾವು ಯ, ವ ತಂದೆವು, ಅವರು ತ್ ತಂದರು.

1550ರಲ್ಲಿ ಝಾಕ್ ಪೆಲೆತಿಯೇ ಅನ್ನುವವರು ಕಾಗುಣಿತದ ಮೇಲೊಂದು ಪುಸ್ತಕ ಬರೆದರು. ಕವಿ, ವೈದ್ಯ, ಗಣಿತಜ್ಞ, ಎಲ್ಲ ಅವರೊಬ್ಬರೇ! ‘ಊಟ ಮಾಡ್ತಾನಾ’ ಅಂತ ಕೇಳುವಾಗ ಎಲ್ಲರೂ ‘ದಿನ್-ತಿ’ ಅಂತಾರೆ, ಬರೆಯುವಾಗ ಮಾತ್ರ ‘ತ್’ ಬಿಟ್ಟು ಬರೀತಾರೆ ಅಂತ ಅದರಲ್ಲಿ ಗುರುತಿಸಿದರು. ಹೇಳದ ಅಕ್ಷರಗಳನ್ನ ಸಾಲಾಗಿ ಬರೆಯೋ ಜನ, ಹೇಳೋ ಅಕ್ಷರವನ್ನ ಬರೀತಾ ಇರಲಿಲ್ಲ. ನನಗಂತೂ ಇದು ಇಡೀ ಕಥೆಯ ಅತಿ ತಮಾಷೆಯ ಜಾಗ.

ಸುಮಾರು ನೂರು ವರ್ಷದ ನಂತರ, 1647ರಲ್ಲಿ, ಫ್ರೆಂಚ್ ಅಕಾಡೆಮಿಯ ವೊಝಲಾ ತೀರ್ಪು ಕೊಟ್ಟರು. ಈ ‘ತ್’ ಅನ್ನು ಹೇಳಲೂ ಬೇಕು, ಬರೆಯಲೂ ಬೇಕು. ಇವತ್ತಿಗೂ ಅದನ್ನು ಎರಡು ಅಡ್ಡಗೆರೆಗಳ ನಡುವೆ ಬರೀತಾರೆ. ಆಚೆಗೂ ಸೇರದು, ಈಚೆಗೂ ಸೇರದು. ಮಾತಿನಲ್ಲಿ ಮಾತ್ರ ಅದು ಯಾವಾಗಲೂ ಮುಂದಿನ ಸ್ವರದ ಕಡೆಗೇ.

ಇನ್ನೂ ಒಂದು ಇದೆ. ‘ಪ್ರೀತಿಸುತ್ತಾರಾ’ ಅಂತ ಬಹುವಚನದಲ್ಲಿ ಕೇಳಿ ನೋಡಿ. ಮೊದಲು ಮೌನವಾಗಿದ್ದ ಆ ಕೊನೆಯ ಟಿಗೆ ಈಗ ಜೀವ ಬಂದು ‘ಎಮ್-ತಿಲ್’ ಆಗುತ್ತೆ. ಏಕವಚನವೂ ಅದೇ, ಬಹುವಚನವೂ ಅದೇ. ಕಿವಿಯಿಂದ ಹೇಳೋಕೆ ಸಾಧ್ಯವೇ ಇಲ್ಲ 🙂

ಪೆಲೆತಿಯೇ ಕೇಳಿಸಿಕೊಂಡ ಆ ‘ತಿ’ ಅಲ್ಲಿಗೇ ನಿಲ್ಲಲಿಲ್ಲ. ಹಳ್ಳಿಗಳ ಮಾತಿನಲ್ಲಿ ‘ಅವನು’ ಅನ್ನೋ ಅರ್ಥ ಕಳಚಿಕೊಂಡು ಬರೀ ಪ್ರಶ್ನೆಯ ಗುರುತಾಯಿತು, ನಮ್ಮ ‘ಬಂದನಾ’ದ ‘ಆ’ ಇದ್ದ ಹಾಗೆ. ಕೆನಡಾದ ಕ್ವಿಬೆಕ್‌ನಲ್ಲಿ ಅದೇ ‘ತು’ ಆಗಿ ಇವತ್ತಿಗೂ ಓಡಾಡ್ತಿದೆ. ‘ತು’ ಅಂದರೆ ‘ನೀನು’ ಅಂತಲೂ ಅರ್ಥ ಇರೋದರಿಂದ, ಅಲ್ಲಿನವರು ‘ನೀನು ಬರ್ತೀಯಾ’ ಅಂತ ಕೇಳಿದಾಗ ಹೊಸಬರಿಗೆ ಎರಡು ಸಲ ‘ನೀನು’ ಕೇಳಿಸುತ್ತೆ.

ಭಾಗ 5ರಲ್ಲಿ ಕ್ವಿಬೆಕ್‌ಗೇ ಹೋಗೋಣ.