ಟ್ಯಾಂಕಿನಲ್ಲಿ ಬೆಳೆದ ಅಣಬೆ, ಡಬ್ಬಿ ಮೇಲಿನ ಜಪಾನ್

ನಮ್ಮ ಬೀದಿಯ ಅಣ್ಣನೊಬ್ಬರಿಗೆ ಹೊಟ್ಟೆ ಕ್ಯಾನ್ಸರ್. ಆಪರೇಷನ್ ಮುಗಿದು ಕೀಮೋ ನಡೀತಿದೆ. ನೆಂಟರೊಬ್ಬರು ಅಣಬೆ ಪುಡಿಯ ಡಬ್ಬಿ ತಂದು, 'ಇದಿದ್ರೆ ಕೀಮೋನೇ ಬೇಡ, ಜಪಾನ್ ಸರ್ಕಾರ ಒಪ್ಪಿದ್ದು' ಅಂದಿದ್ದಾರೆ. ಅವರ ಮಗ ಡಬ್ಬಿ ಹಿಡ್ಕೊಂಡು ನನ್ನ ಹತ್ರ ಬಂದ. ಓದುತ್ತಾ ಹೋದೆ. ಜಪಾನಿನ ಮಾತು ಅರ್ಧ ನಿಜ.

ಮಳೆ ಬಂದಾಗ ನಾವು ಕೀಳುವ ಅಣಬೆ ಬರೀ ಹಣ್ಣು ಇದ್ದ ಹಾಗೆ. ಅದರ ಗಿಡ ಅಂದ್ರೆ ಕೊರಡಿನೊಳಗೆ, ಮಣ್ಣೊಳಗೆ ಹಬ್ಬಿದ ಬಿಳಿ ನೂಲಿನ ಜಾಲ. ಈ ನೂಲಿಗೆ ಕೊರಡೇ ಬೇಕೆಂದಿಲ್ಲ. ಸಕ್ಕರೆ ಅಂಶ ಬೆರೆಸಿ, ಕುದಿಸಿ ಶುದ್ಧ ಮಾಡಿದ ನೀರಿಗೆ ಬಿಟ್ಟು ಗಾಳಿ ಊದಿದರೆ ಸಬ್ಬಕ್ಕಿಯಂಥ ಉಂಡೆಗಳಾಗಿ ಬೆಳೆಯುತ್ತೆ.

ಈ ವಿದ್ಯೆ ಬಂದದ್ದು ಪೆನ್ಸಿಲಿನ್‌ನಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಪೆನ್ಸಿಲಿನ್ ಬೂಸ್ಟನ್ನು ರೋಗಿಗಳ ಬೆಡ್‌ಪ್ಯಾನ್‌ಗಳಲ್ಲಿ ಬೆಳೆಸ್ತಿದ್ರು. ಅದು ಎಷ್ಟು ಜನಕ್ಕೆ ಸಾಕಾದೀತು? ಅಮೆರಿಕದ ಪಿಯೋರಿಯಾ ಊರಿನ ಕೃಷಿ ಪ್ರಯೋಗಾಲಯ ಅದನ್ನು ಆಳದ ಟ್ಯಾಂಕಿಗೆ ಇಳಿಸಿತು. ಮೇವಾಗಿ ಕೊಟ್ಟದ್ದು ಮೆಕ್ಕೆಜೋಳದ ಪಿಷ್ಟ ತೆಗೆದ ಮೇಲೆ ಉಳಿಯುವ ನೀರು. ಹೆಚ್ಚು ಇಳುವರಿಯ ತಳಿ ಸಿಕ್ಕಿದ್ದೋ, ಅದೇ ಊರಿನ ಮಾರುಕಟ್ಟೆಯ ಕೊಳೆತ ಕರಬೂಜದಲ್ಲಿ! 1948ರಲ್ಲಿ ಹ್ಯಾರಿ ಹಮ್‌ಫೆಲ್ಡ್ ತಿನ್ನುವ ಅಣಬೆಯ ನೂಲನ್ನೂ ಹೀಗೇ ಬೆಳೆಸಿ ತೋರಿಸಿದರು.

ಜಪಾನಿನಲ್ಲಿ ಮರದ ಮೇಲೆ ಬಣ್ಣಬಣ್ಣದ ಪಟ್ಟೆಯ ಒಂದು ಅಣಬೆ ಬರುತ್ತೆ, ಕವರತಾಕೆ ಅಂತ. ಜನ ಅದನ್ನು ಕುದಿಸಿ ಕುಡೀತಿದ್ರು. ಕುರೇಹಾ ಎಂಬ ಕೆಮಿಕಲ್ ಕಂಪನಿ ಕಾಡಿನ ಅಣಬೆಯನ್ನು ನಂಬಿ ಕೂರಲಿಲ್ಲ. ಮರ, ಮಳೆ ಬದಲಾದಂತೆ ಅದರ ಗುಣವೂ ಬದಲಾಗುತ್ತೆ. ಒಂದೇ ತಳಿಯನ್ನು ಆರಿಸಿ ಟ್ಯಾಂಕಿನಲ್ಲಿ ನೂಲು ಬೆಳೆಸಿ, ಬಿಸಿನೀರಲ್ಲಿ ಸಾರ ತೆಗೆದು, ಶುದ್ಧಗೊಳಿಸಿ 'ಕ್ರೆಸ್ಟಿನ್' ಮಾಡಿತು. 1977ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಡಬ್ಬಿ ಮಾರುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸ್ತಾರೆ. 1989ರಲ್ಲಿ ಅದೇ ಸರ್ಕಾರ ಮರುಪರಿಶೀಲನೆ ಮಾಡಿ, ಕೀಮೋ ಜೊತೆಗೆ ಮಾತ್ರ ಬಳಸಿ ಎಂದು ಕಟ್ಟುಪಾಡು ಹಾಕಿತು. 1994ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ ಹೊಟ್ಟೆ ಕ್ಯಾನ್ಸರ್ ಆಪರೇಷನ್ ಆದ 262 ಜನರಿದ್ದರು. ಕ್ರೆಸ್ಟಿನ್ ಪಡೆದವರಲ್ಲಿ 100ಕ್ಕೆ 73 ಜನ ಐದು ವರ್ಷ ಬದುಕಿದ್ದರು, ಪಡೆಯದವರಲ್ಲಿ 60. ಇದು ಸಣ್ಣ ವ್ಯತ್ಯಾಸವೇನಲ್ಲ. ಆದರೆ ಎರಡೂ ಗುಂಪಿಗೆ ಕೀಮೋ ಕೊಟ್ಟಿದ್ದರು!

ಡಬ್ಬಿ ತಿರುಗಿಸಿ ನೋಡಿದೆ. ಒಳಗಿರುವುದು ಅಣಬೆಯ ಪುಡಿಯೋ, ನೂಲಿನ ಸಾರವೋ, ನೂಲು ಬೆಳೆಸಿದ ಕಾಳಿನ ಹಿಟ್ಟೋ, ಎಲ್ಲೂ ಬರೆದಿಲ್ಲ. ಕ್ರೆಸ್ಟಿನ್ ಅಂತೂ ಅಲ್ಲ.

ಮುಂದಿನ ಕೀಮೋ ಸೋಮವಾರ. ಡಬ್ಬಿಯನ್ನೂ ಡಾಕ್ಟರ್ ಹತ್ರ ತಗೊಂಡು ಹೋಗ್ತೀನಿ ಅಂದಿದ್ದಾನೆ ಹುಡುಗ.